ಮಧ್ಯದ ಸಾಲಿನ ಮಹಾರಾಣಿ

ಗಿಳಿ ಗಂಡೋ ಹೆಣ್ಣೋ ಎಂಬುದು, ಬಹುಪಾಲು ಗಿಳಿಗಳ ವಿಷಯದಲ್ಲಿ, ಹೊರಗಿನಿಂದ ನೋಡಿ ಹೇಳಲಾಗದ ಸಂಗತಿ. ಗಿಳಿಗೆ ಅದು ಗೊತ್ತಿರುತ್ತದೆ, ಸಾಕಿದವರಿಗೆ ಗೊತ್ತಿರುವುದಿಲ್ಲ. ಈ ಒಂದು ಅಜ್ಞಾನವನ್ನು ನೆಚ್ಚಿಕೊಂಡು ಒಬ್ಬ ಅತ್ತೆಯೂ ಒಬ್ಬ ಸೊಸೆಯೂ ಪ್ರಯೋಗಾಲಯ ನಡೆಸುತ್ತಿದ್ದರು. ಕೆಳಗೆ ಬೀಗದ ಕೈ ಮಾಡುವವನ ಅಂಗಡಿ, ಮೇಲೆ ಇವರ ಮೂರು ಕೋಣೆ. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಬೆಂಚು ಮತ್ತು ಅತ್ತೆಯ ಸ್ವಂತ ಗಿಳಿಯ ಪಂಜರ. ನಡುವಿನದರಲ್ಲಿ ಕೆಲಸದ ಮೇಜುಗಳು. ಹಿಂದಿನದು ಕತ್ತಲೆ ಕೋಣೆ.

ಕೆಲಸದ ಕ್ರಮ ಸರಳವಾದದ್ದು. ಗಿರಾಕಿ ತನ್ನ ಗಿಳಿಯ ಒಂದು ಪುಕ್ಕವನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾನೆ. ಪುಕ್ಕದ ಬುಡದಿಂದ ಡಿಎನ್ಎ ತೆಗೆದು, ಬೇಕಾದ ತುಣುಕನ್ನು ಬೆಳೆಸಿ, ಅಂಗೈ ಅಗಲದ ಒಂದು ಜೆಲ್‌ನ ಗುಳಿಗಳಲ್ಲಿ ತುಂಬುತ್ತಾರೆ. ಜೆಲ್ ಎಂದರೆ ಗಟ್ಟಿಯಾದ ಗಂಜಿಯಂಥ ತೆಳು ಹಲಗೆ. ಅದಕ್ಕೆ ವಿದ್ಯುತ್ ಹಾಯಿಸಿದರೆ ತುಣುಕುಗಳು ಗುಳಿಯಿಂದ ಹೊರಟು, ತಂತಮ್ಮ ಸಾಲಿನಲ್ಲಿ ನೇರವಾಗಿ ಓಡುತ್ತವೆ; ಚಿಕ್ಕದು ಮುಂದೆ, ದೊಡ್ಡದು ಹಿಂದೆ. ಬಣ್ಣ ಹತ್ತಿಸಿ ನೀಲಿ ದೀಪದ ಮೇಲಿಟ್ಟರೆ ಅವು ಪಟ್ಟೆಗಳಾಗಿ ಹೊಳೆಯುತ್ತವೆ. ಗಂಡು ಹಕ್ಕಿಗೆ ಒಂದು ಪಟ್ಟೆ, ಹೆಣ್ಣಿಗೆ ಎರಡು. ಎರಡರವರೆಗೆ ಎಣಿಸಬಲ್ಲವರು ಯಾರು ಬೇಕಾದರೂ ಈ ಉದ್ಯೋಗ ಮಾಡಬಹುದು. ಆದರೆ ಎಣಿಸುವುದಕ್ಕೆ ಮೊದಲು ಯಾವುದು ಯಾರದ್ದೆಂದು ತಿಳಿದಿರಬೇಕು.

ಇವರ ಜೆಲ್‌ಗೆ ಹದಿನೈದು ಗುಳಿ, ಹದಿನೈದು ಸಾಲು. ಮೊದಲನೆಯದರಲ್ಲೂ ಕೊನೆಯದರಲ್ಲೂ ಲ್ಯಾಡರ್, ಎಂದರೆ ಮೆಟ್ಟಿಲಿನಂತೆ ಕಾಣುವ ಅಳತೆಯ ಪಟ್ಟೆಗಳು. ನಟ್ಟನಡುವೆ, ಎಂಟನೆಯ ಸಾಲಿನಲ್ಲಿ, ಅತ್ತೆಯ ಗಿಳಿಯ ಪುಕ್ಕ. ಆ ಗಿಳಿಯ ಹೆಸರು ಮಹಾರಾಣಿ. ಅದು ಹಲವು ಸಲ ಮೊಟ್ಟೆ ಇಟ್ಟಿದ್ದುದರಿಂದ ಅದು ಹೆಣ್ಣೆಂಬುದರಲ್ಲಿ ವಾದವಿರಲಿಲ್ಲ. ಮಹಾರಾಣಿಯ ಸಾಲಿನಲ್ಲಿ ಎರಡು ಪಟ್ಟೆ ಬಂದರೆ ಆ ದಿನದ ಜೆಲ್ ಸರಿ; ಬರದಿದ್ದರೆ ಇಡೀ ಜೆಲ್ ಬುಟ್ಟಿಗೆ. ಉಳಿದ ಹನ್ನೆರಡು ಸಾಲುಗಳು ಗಿರಾಕಿಗಳದ್ದು.

ಜೆಲ್ ಓಡಿ ಮುಗಿದ ಮೇಲೆ ಅದನ್ನು ತಟ್ಟೆಯಿಂದ ಅಂಗೈಗೆ ಜಾರಿಸಿಕೊಂಡು, ಪುಟ ತಿರುವಿದಂತೆ ಮಗುಚಿ, ದೀಪದ ಮೇಲೆ ಇಡುವುದು ಅಲ್ಲಿನ ಪದ್ಧತಿ. ಸೊಸೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಗಮನಿಸಿ ಕೇಳಿದ್ದಳು.

"ಯಾಕತ್ತೆ ಮಗುಚೋದು?"

"ಮಗುಚೋದೇ."

"ಅದೇ, ಯಾಕೆ ಅಂತ?"

"ಚಪ್ಪಲಿ ಹಾಕ್ಕೊಳ್ಳೋವಾಗ ಯಾವ ಕಾಲು ಮೊದಲು ಅಂತ ಯಾರನ್ನಾದ್ರೂ ಕೇಳ್ತೀಯಾ? ಇಡು ಸುಮ್ನೆ. ಹರಿದುಬಿಟ್ಟೀಯ, ಹುಷಾರು."

ಸೊಸೆ ಮಗುಚಲು ಕಲಿತಳು. ಕೆಲವೇ ತಿಂಗಳಲ್ಲಿ ಅವಳ ಕೈಯೂ ಕೇಳದೆಯೇ ಮಗುಚತೊಡಗಿತು.

ತೊಂದರೆ ಇದ್ದದ್ದು ಸಂಜೆಯ ಹೊತ್ತಿನಲ್ಲಿ. ಕತ್ತಲೆ ಕೋಣೆಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಒಂದು ದೊಡ್ಡ ಮರದ ಪೆಟ್ಟಿಗೆ. ಒಳಗೆ ದೀಪ, ಪಕ್ಕದಲ್ಲಿ ಕ್ಯಾಮೆರಾ. ಒಂದೊಂದು ಜೆಲ್‌ಗೂ ಬೆಳಕು ಹೆಚ್ಚಾಯಿತು, ಕಡಿಮೆಯಾಯಿತು, ಅಲುಗಿತು ಎಂದು ಮೂರು ನಾಲ್ಕು ಚಿತ್ರ. ಆಮೇಲೆ ಅತ್ತೆ ಭೂತಗನ್ನಡಿ ಹಿಡಿದು "ಒಂದು, ಎರಡು, ಎರಡು, ಒಂದು" ಎಂದು ಹೇಳುವುದು, ಸೊಸೆ ಬರೆದುಕೊಳ್ಳುವುದು, ಒಂದೊಂದು ಹಕ್ಕಿಗೂ ವರದಿ ಟೈಪು ಮಾಡುವುದು. ದಿನಕ್ಕೆ ನಾಲ್ಕು ಜೆಲ್. ಇಷ್ಟಾಗುವಾಗ ಈಜುಕೊಳದ ಬಾಗಿಲು ಹಾಕಿರುತ್ತಿತ್ತು.

ಸೊಸೆ ಈಜು ಕಲಿಯುತ್ತಿದ್ದಳು. ತರಗತಿಯಲ್ಲಿ ಉಳಿದವರೆಲ್ಲ ಶಾಲೆಯ ಮಕ್ಕಳು. ಅವರು ಇವಳನ್ನು ಆಂಟಿ ಎನ್ನುತ್ತಿದ್ದರು. ಮಕ್ಕಳನ್ನು ನೋಡಿ ಕೋಚ್ ಕೂಡ ಆಂಟಿ ಎನ್ನುತ್ತಿದ್ದ, ಅವನು ಅವಳಿಗಿಂತ ಹಿರಿಯನಾಗಿದ್ದರೂ. ತಳ ಕಾಲಿಗೆ ಸಿಗದ ಕಡೆ ತಾನು ತೇಲಬಲ್ಲೆನೇ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ಕಾರಣ ಅಷ್ಟೇ. ಅದು ಸಾಲದೆಂದು ಕಂಡದ್ದು ಅತ್ತೆಗೆ ಮಾತ್ರ.

"ಮುಳುಗೋದಕ್ಕೆ ತರಗತಿ ಬೇರೆ ಬೇಕಾ?" ಎಂದಿದ್ದರು.

"ಮುಳುಗದೆ ಇರೋದಕ್ಕೆ ಅತ್ತೆ."

"ನಾನು ಇಷ್ಟು ವಯಸ್ಸಾದ್ರೂ ಮುಳುಗಿಲ್ಲ. ನೀರಿಗೆ ಇಳಿಯದೆ ಇದ್ರಾಯ್ತು."

ಕೋಚ್‌ನ ನಿಯಮ ಕಟ್ಟುನಿಟ್ಟು. "ಆಂಟಿ, ಹೀಗೆ ಚಕ್ಕರ್ ಹೊಡೀತಾ ಇದ್ರೆ ಈ ಸಲ ಹೆಸರು ಹೊಡೆದು ಹಾಕ್ತೀನಿ. ಆಳದ ಕಡೆಗೆ ಬಿಡೋಕೆ ಪರೀಕ್ಷೆ ಇದೆ. ಅದು ಪಾಸಾಗಬೇಕು ಅಂದ್ರೆ ದಿನಾ ಬರಬೇಕು," ಎಂದು ಹೇಳಿಬಿಟ್ಟಿದ್ದ.

ಆದ್ದರಿಂದ ಸೊಸೆ ಯಂತ್ರ ತರಿಸಿದಳು.

ಅದು ಬಿಳಿಯ ಬೀರುವಿನಂಥದ್ದು, ನಾಲ್ಕು ಖಾನೆ. ಒಂದೊಂದು ಖಾನೆಗೆ ಒಂದೊಂದು ಜೆಲ್ ಇಟ್ಟು ಬಾಗಿಲು ಹಾಕಿದರೆ ಮುಗಿಯಿತು. ಯಂತ್ರ ತಾನೇ ಖಾನೆಯನ್ನು ಒಳಗೆಳೆದುಕೊಂಡು, ನೇರ ಮೇಲಿನಿಂದ ಚಿತ್ರ ತೆಗೆದು, ಪಟ್ಟೆ ಎಣಿಸಿ, ಎಡದಿಂದ ಬಲಕ್ಕೆ ಗಿರಾಕಿಗಳ ಪಟ್ಟಿಯೊಂದಿಗೆ ಹೊಂದಿಸಿ, ವರದಿ ಬರೆದು ಕಳಿಸುತ್ತದೆ. ಕಂಪನಿಯವರು ಪರೀಕ್ಷೆಗೆಂದು ಕೊಟ್ಟಿದ್ದರು. ಅವಧಿ ಮುಗಿಯುವ ಸೋಮವಾರ ಅವರ ಮನುಷ್ಯ ಬರುತ್ತಾನೆ. ಅತ್ತೆ ಸಹಿ ಹಾಕಬೇಕು, ಇಲ್ಲವೆ ಯಂತ್ರ ಹಿಂದಿರುಗಬೇಕು.

"ಒಂದೇ ಒಂದು ಹಕ್ಕಿ ತಪ್ಪಾಗಲಿ," ಎಂದರು ಅತ್ತೆ, "ಇದರ ಗಂಟುಮೂಟೆ ಕಟ್ಟಿಸ್ತೀನಿ. ಆಮೇಲೆ ಅತ್ತೆ ಹಾಗಂದ್ರು, ಹೀಗಂದ್ರು ಅನ್ನಬಾರದು."

"ಅನ್ನಲ್ಲ ಅತ್ತೆ."

"ಮುಖಾನೂ ಊದಿಸಬಾರದು."

"ಅದು ಸ್ವಲ್ಪ ಕಷ್ಟ."

ಯಂತ್ರಕ್ಕೆ ಪಾಠ ಹೇಳುವುದು ಸೊಸೆಯ ಪಾಲಿಗೆ ಬಂತು. ಮೊದಲ ಚಿತ್ರದಲ್ಲಿ ಬೆಳಕು ಹೆಚ್ಚಾಗಿ ಲ್ಯಾಡರ್ ಸುಣ್ಣದ ಗೋಡೆಯಂತೆ ಕಂಡಿತು. ಕ್ಯಾಮೆರಾದ ಕಣ್ಣನ್ನು ಬೇರೆ ಬೇರೆ ಹೊತ್ತು ತೆರೆದಿಟ್ಟು ಒಂದೇ ಜೆಲ್‌ನ ಹಲವು ಚಿತ್ರ ತೆಗೆದು, ಯಾವುದರಲ್ಲಿ ಯಾವ ಪಟ್ಟೆಯೂ ಉರಿದುಹೋಗಿಲ್ಲವೋ ಅದನ್ನು ಆರಿಸಿಕೊಳ್ಳುವಂತೆ ಅವಳು ಹೇಳಿಕೊಟ್ಟಳು. ಎರಡನೆಯ ದಿನ ಯಂತ್ರ ಹದಿನೈದರ ಬದಲು ಹದಿನೇಳು ಸಾಲು ಎಣಿಸಿತು. ಜೆಲ್‌ನ ಎರಡು ಅಂಚುಗಳನ್ನೂ ಅದು ಹಕ್ಕಿಗಳೆಂದು ತಿಳಿದಿತ್ತು. ಮೂರನೆಯ ದಿನ ಒಂದು ಗಾಳಿಗುಳ್ಳೆ ಪಟ್ಟೆಯಾಯಿತು.

"ನೋಡಿಲ್ಲಿ," ಎಂದು ಅತ್ತೆ ಸಂತೋಷದಿಂದ ಕರೆದರು. "ಮೂರು ಪಟ್ಟೆಯ ಗಿಳಿಯಂತೆ. ಒಂದಕ್ಕೆ ಗಂಡು, ಎರಡಕ್ಕೆ ಹೆಣ್ಣು. ಮೂರಕ್ಕೆ ಏನು ಬರೀತೀಯ?"

"ಅಜ್ಜಿ ಅಂತ ಬರೆಯೋಣವಾ?"

"ನನ್ನ ಕಡೆ ನೋಡ್ಕೊಂಡು ಹೇಳಬೇಡ."

ಪಟ್ಟೆಯೆಂದರೆ ಸಾಲಿನ ಪೂರ್ತಿ ಅಗಲಕ್ಕೆ ಇರಬೇಕು, ಅದಕ್ಕಿಂತ ಕಿರಿದಾದದ್ದು ಧೂಳು ಅಥವಾ ಗುಳ್ಳೆ ಎಂದು ಸೊಸೆ ತಿದ್ದಿದಳು. ಮರುದಿನ ಅತ್ತೆಯ ತಲೆಗೂದಲೊಂದು ಜೆಲ್‌ಗೆ ಅಡ್ಡಲಾಗಿ ಬಿದ್ದು ಹನ್ನೆರಡು ಹಕ್ಕಿಗಳಿಗೂ ಒಂದೊಂದು ಪಟ್ಟೆ ಹೆಚ್ಚಾಯಿತು. ಊರಿನ ಗಿಳಿಗಳೆಲ್ಲ ಒಂದೇ ದಿನ ಹೆಣ್ಣಾದವು, ಮೊದಲೇ ಹೆಣ್ಣಾಗಿದ್ದವು ಅಜ್ಜಿಯಾದವು. ಸಾಲಿನಿಂದ ಸಾಲಿಗೆ ದಾಟುವ ಗೆರೆಯನ್ನು ಬಿಡಬೇಕೆಂದು ಇನ್ನೊಂದು ನಿಯಮ ಸೇರಿತು. ಪಟ್ಟೆ ಮಸುಕಾಗಿದ್ದರೆ ಊಹಿಸದೆ, ವರದಿ ತಡೆದು, ಮನುಷ್ಯರನ್ನು ಕೇಳಬೇಕೆಂದು ಮತ್ತೊಂದು. ಕಲಿತದ್ದನ್ನು ಯಂತ್ರ ಮರೆಯುತ್ತಿರಲಿಲ್ಲ. ಈ ಗುಣಕ್ಕೆ ಅತ್ತೆ ಮನಸ್ಸಿನಲ್ಲೇ ಅಂಕ ಕೊಟ್ಟರು, ಬಾಯಿಬಿಟ್ಟು ಹೇಳಲಿಲ್ಲ.

ಜೆಲ್‌ನ ಒಂದು ಮೂಲೆಯನ್ನು ಗುರುತಿಗಾಗಿ ಕತ್ತರಿಸಿ ಇಡಬೇಕೆಂದು ಯಂತ್ರದ ಕೈಪಿಡಿಯಲ್ಲಿ ಇತ್ತು. ಸೊಸೆ ಅಲಗು ತೆಗೆದುಕೊಂಡಳು.

"ಏನು ಮಾಡ್ತಿದ್ದೀಯ?"

"ಮೂಲೆ ಕತ್ತರಿಸ್ಬೇಕಂತೆ ಅತ್ತೆ."

"ಒಳ್ಳೇ ಜೆಲ್‌ನ ಇಲಿ ಕಡಿದ ಹಾಗೆ ಮಾಡ್ಬೇಕಾ? ಎರಡು ಕಡೆ ಎರಡು ಲ್ಯಾಡರ್ ಕಾವಲಿಗಿದೆ. ನಡುವೆ ಮಹಾರಾಣಿ ಕೂತಿದ್ದಾಳೆ. ಮೂರು ಮೂರು ಸಾಕ್ಷಿ ಇರೋವಾಗ ನಾಲ್ಕನೇದು ಯಾಕೆ?"

ಮೂರು ಸಾಕ್ಷಿ ಸಾಕೆಂದು ಸೊಸೆಗೂ ಅನ್ನಿಸಿತು. ಅಲಗನ್ನು ಒಳಗಿಟ್ಟಳು.

ಅಂದಿನಿಂದ ನಾಲ್ಕು ಗಂಟೆಗೆ ಜೆಲ್‌ಗಳನ್ನು ಖಾನೆಗಳಲ್ಲಿಟ್ಟು ಬಾಗಿಲು ಹಾಕುವುದೇ ದಿನದ ಕೊನೆಯ ಕೆಲಸವಾಯಿತು. ಮೇಲಿನ ಎರಡು ಖಾನೆ ಅತ್ತೆಯದು. ಬಗ್ಗಿದರೆ ಅವರಿಗೆ ಸೊಂಟ ಹಿಡಿಯುವುದರಿಂದ ಕೆಳಗಿನ ಎರಡು ಸೊಸೆಯದು. ಮರುದಿನ ಬೆಳಿಗ್ಗೆ ಅತ್ತೆ ಭೂತಗನ್ನಡಿ ಹಿಡಿದು ಯಂತ್ರ ತೆಗೆದ ಚಿತ್ರಗಳನ್ನು ಸಾಲುಸಾಲಾಗಿ ಎಣಿಸುತ್ತಿದ್ದರು. ಯಂತ್ರದ ಎಣಿಕೆಗೂ ಅವರ ಎಣಿಕೆಗೂ ಒಂದು ದಿನವೂ ವ್ಯತ್ಯಾಸ ಬರಲಿಲ್ಲ.

"ಕಣ್ಣಿದೆ ಇದಕ್ಕೆ," ಎಂದರು ಕೊನೆಗೆ, ಶತ್ರುವಿನ ಮಗುವನ್ನು ಹೊಗಳುವ ಧ್ವನಿಯಲ್ಲಿ.

ಸೊಸೆ ದಿನವೂ ಈಜಿಗೆ ಹೋದಳು. ಕೋಚ್ ಶನಿವಾರ ಸಂಜೆ ಅವಳ ಪರೀಕ್ಷೆ ಎಂದ.

ಆ ಶನಿವಾರ ಬೆಳಿಗ್ಗೆ ಗಡಿಯಾರದ ಅಂಗಡಿಯವರು ಬಂದರು. ಒಂಟಿ ಮನುಷ್ಯ, ಮಾತು ಅಳೆದು ಆಡುವವರು. ಕೈಯಲ್ಲಿ ಕೈಗಡಿಯಾರದ ಒಂದು ಚೌಕ ಪೆಟ್ಟಿಗೆ. ಬೆಂಚಿನಲ್ಲಿ ಕೂರಲಿಲ್ಲ.

"ನಿಮ್ಮ ರಿಪೋರ್ಟ್ ಪ್ರಕಾರ ನನ್ನ ಗಿಳಿ ಗಂಡು. ಅಲ್ವಾ?"

ಸೊಸೆ ಗಣಕದಲ್ಲಿ ನೋಡಿದಳು. "ಹೌದು. ಐದನೇ ಸಾಲು. ಗಂಡು."

ಅವರು ಪೆಟ್ಟಿಗೆ ತೆರೆದರು. ಗಡಿಯಾರ ಇರಬೇಕಾದ ಜಾಗದಲ್ಲಿ, ಹತ್ತಿಯ ಮೇಲೆ, ಒಂದು ಬಿಳಿಯ ಮೊಟ್ಟೆ.

"ಹಾಗಾದ್ರೆ ಇದನ್ನ ಇಟ್ಟಿದ್ದು ಯಾರು? ನಾನಾ?"

ಪಂಜರದ ಮಹಾರಾಣಿ ಕತ್ತು ವಾಲಿಸಿ ಮೊಟ್ಟೆಯನ್ನು ಪರಿಶೀಲಿಸಿತು.

"ಮನೇಲಿ ಬೇರೆ ಗಿಳಿ ಇದೆಯಾ?" ಎಂದು ಅತ್ತೆ ಕೇಳಿದರು.

"ಇಲ್ಲ. ನಾನೂ ಅದೂ ಇಬ್ಬರೇ. ನನ್ನ ಮೇಲೆ ಅನುಮಾನ ಇದ್ರೆ ನನ್ನದೊಂದು ಕೂದಲು ಕೊಡ್ತೀನಿ, ಟೆಸ್ಟ್ ಮಾಡಿ."

ಅತ್ತೆ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಗಿಳಿಯದೇ. ಜೊತೆಯಿಲ್ಲದ ಹೆಣ್ಣೂ ಆಗಾಗ ಬರಿಮೊಟ್ಟೆ ಇಡುವುದುಂಟು, ಗಂಡು ಇಡುವುದಿಲ್ಲ. ಮರುದಿನದೊಳಗೆ ವಿಚಾರಿಸಿ ಹೇಳುವುದಾಗಿ ಒಪ್ಪಿಸಿ ಅವರನ್ನು ಕಳಿಸಿದರು. ಮೊಟ್ಟೆಯ ಪೆಟ್ಟಿಗೆಯನ್ನು ಅವರು ಸಾಕ್ಷ್ಯವೆಂದು ಮೇಜಿನ ಮೇಲೆಯೇ ಬಿಟ್ಟು ಹೋದರು.

ಬಾಗಿಲು ಮುಚ್ಚಿದ ಮೇಲೆ ಅತ್ತೆ ಯಂತ್ರದ ಕಡೆ ತಿರುಗಿದರು. "ಸೋಮವಾರ ಕಳಿಸು ಇದನ್ನ."

"ಅತ್ತೆ, ಆ ಚಿತ್ರ ನೀವೇ ನೋಡಿ ಸರಿ ಅಂದಿದ್ರಿ. ಐದನೇ ಸಾಲಲ್ಲಿ ಒಂದೇ ಪಟ್ಟೆ ಇದೆ. ನೋಡಿ ಬೇಕಾದ್ರೆ."

"ಚಿತ್ರಾನೇ ಸುಳ್ಳು."

"ಫೋಟೋ ಹೇಗೆ ಸುಳ್ಳಾಗುತ್ತೆ?"

"ನನ್ನ ಮದುವೆ ಫೋಟೋ ನೋಡಿಲ್ವಾ ನೀನು? ನಿಮ್ಮ ಮಾವ ನಗ್ತಾ ಇದ್ದಾರೆ."

ಸೊಸೆ ನಗಲಿಲ್ಲ. ಅವಳ ಕಣ್ಣಿನ ಮುಂದೆ ಕಪ್ಪು ಬಟ್ಟೆಯ ಪೆಟ್ಟಿಗೆ, ಮುಚ್ಚಿದ ಈಜುಕೊಳದ ಬಾಗಿಲು. ಹನ್ನೆರಡೂ ಲಕೋಟೆಗಳನ್ನು ತೆಗೆದು ನೋಡಿದಳು, ಅದಲುಬದಲಾಗಿರಲಿಲ್ಲ. ಗುಳಿಗೆ ತುಂಬಿದ ಕ್ರಮ ಪಟ್ಟಿಯಲ್ಲಿದ್ದಂತೆಯೇ ಇತ್ತು. ಕೊನೆಗೆ ಗಡಿಯಾರದವರ ಗಿಳಿಯ ಉಳಿದ ಮಾದರಿಯೊಂದನ್ನೇ ಹೊಸ ಜೆಲ್‌ನ ಹನ್ನೆರಡು ಗುಳಿಗಳಿಗೂ ತುಂಬಿ ಓಡಿಸಿ ಯಂತ್ರದಲ್ಲಿ ಇಟ್ಟಳು. ಯಂತ್ರ ಹನ್ನೆರಡು ಸಾಲಿನಲ್ಲೂ ಎರಡೆರಡು ಪಟ್ಟೆ ಎಣಿಸಿ, ಹನ್ನೆರಡು ಸಲ ಹೆಣ್ಣು ಎಂದು ಬರೆಯಿತು.

ಮಾದರಿ ಸರಿ, ಎಣಿಕೆ ಸರಿ, ಕಾವಲು ಸರಿ. ಆದರೂ ಮೊದಲಿನ ವರದಿ ತಪ್ಪು.

"ನೋಡಿದ್ಯಾ?" ಎಂದರು ಅತ್ತೆ. "ದಿನಕ್ಕೊಂದು ಮಾತಾಡುತ್ತೆ. ಇಂಥದ್ದನ್ನ ನಂಬ್ಕೊಂಡು ಸಂಸಾರ ಮಾಡೋಕಾಗುತ್ತಾ?"

ಸೊಸೆ ಈಜಿನ ಚೀಲ ಹೆಗಲಿಗೆ ಹಾಕಿಕೊಂಡಳು.

"ಹೋಗ್ತಿದ್ದೀಯಾ?"

"ಇವತ್ತೊಂದು ದಿನ ಹೋಗ್ತೀನಿ ಅತ್ತೆ. ಸೋಮವಾರದಿಂದ ಹೇಗೂ ಇಲ್ವಲ್ಲ."

ಅತ್ತೆ ಮಹಾರಾಣಿಯ ನೀರಿನ ಬಟ್ಟಲು ತೊಳೆಯತೊಡಗಿದರು. ಅದನ್ನು ಅವರು ಆಗಲೇ ಒಮ್ಮೆ ತೊಳೆದಿದ್ದರು.

ಈಜುಕೊಳದಲ್ಲಿ ಹಗ್ಗ ಕಟ್ಟಿ ಐದು ಸಾಲು ಮಾಡಿದ್ದರು. ಸೊಸೆಗೆ ಎಡಗೋಡೆಯಿಂದ ಎರಡನೆಯ ಸಾಲು. ನಡುವಿನ ಸಾಲಿನಲ್ಲಿ ಕನ್ನಡಕದ ಒಬ್ಬ ಹುಡುಗಿ, ಪರೀಕ್ಷೆಗೆ ಅವಳೂ ನಿಂತಿದ್ದಳು. ಅರ್ಧ ದಾರಿ ಬೋರಲಾಗಿ ಈಜಬೇಕು. ಸೀಟಿ ಕೇಳಿದ ತಕ್ಷಣ ಅಂಗಾತ ಹೊರಳಿ, ದಿಕ್ಕು ಬದಲಿಸದೆ, ಆಳದ ತುದಿ ಮುಟ್ಟಬೇಕು.

"ಆಂಟಿ, ಗೋಡೆ ನಿಮ್ಮ ಎಡಕ್ಕೆ. ಹೊರಳಿದ ಮೇಲೆ ಗೋಡೆ ಕಡೆ ಹೋಗಬೇಡಿ, ತಲೆ ಒಡ್ಕೊಳ್ತೀರ."

ಅವಳು ಹೊರಟಳು. ನಡು ದಾರಿಯಲ್ಲಿ ಸೀಟಿ ಕೇಳಿತು. ಹೊರಳಿದಳು. ಮುಖದ ಮೇಲೆ ಚಾವಣಿಯ ದೀಪಗಳು, ಕಿವಿಯಲ್ಲಿ ನೀರು. ಗೋಡೆ ಎಡಕ್ಕೆ ಎಂದು ನೆನಪಿಸಿಕೊಂಡು ಬಲಕ್ಕೆ ಸರಿದಳು. ಬಲಗೈ ಹಗ್ಗಕ್ಕೆ ಬಡಿಯಿತು. ಹಗ್ಗದಾಚೆ ಮೊದಲನೆಯ ಸಾಲು, ಅದರಾಚೆ ಗೋಡೆ. ಎಡಕ್ಕೆ ಇದ್ದ ಗೋಡೆ ಬಲಕ್ಕೆ ಬಂದಿತ್ತು. ಎಡಗಡೆ ನೋಡಿದರೆ ಕನ್ನಡಕದ ಹುಡುಗಿ ಒಂದಿಷ್ಟೂ ಗಲಿಬಿಲಿಯಿಲ್ಲದೆ ಅಂಗಾತ ತೇಲುತ್ತಿದ್ದಳು. ಅವಳಿಗೆ ಏನೂ ಬದಲಾಗಿರಲಿಲ್ಲ. ಬೋರಲಾದರೂ ಅಂಗಾತವಾದರೂ ಅವಳ ಈ ಕಡೆ ಎರಡು ಸಾಲು, ಆ ಕಡೆ ಎರಡು ಸಾಲು, ಎರಡೂ ತುದಿಗೆ ಒಂದೊಂದು ಗೋಡೆ.

"ಮಹಾರಾಣಿ!" ಎಂದು ಸೊಸೆ ಕೂಗಿ ಒಂದು ಬಾಯಿ ನೀರು ಕುಡಿದಳು.

ಈಜು ಕೈಬಿಟ್ಟು, ಹಗ್ಗ ಹಿಡಿದು, ಕೆಮ್ಮುತ್ತಾ ಗೋಡೆಗೆ ಬಂದು ಹತ್ತಿದಳು.

"ಫೇಲ್!" ಎಂದ ಕೋಚ್. "ಮುಂದಿನ ಶನಿವಾರ ಮತ್ತೆ ಬನ್ನಿ. ಅಲ್ಲ ಆಂಟಿ, ಮಹಾರಾಣಿ ಯಾರು?"

"ನಮ್ಮ ಗಿಳಿ!" ಎಂದು ಹೇಳಿ ಅವಳು ಟವೆಲ್ ಎಳೆದುಕೊಂಡು ಓಡಿದಳು. ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಆಳದ ನೀರಿನ ಬಗ್ಗೆ ಅವರಿಗೆ ಆ ದಿನ ಗೌರವ ಹೆಚ್ಚಾಯಿತು.

ಒದ್ದೆ ತಲೆಯಲ್ಲಿ ಮೆಟ್ಟಿಲು ಹತ್ತಿ ಬಂದಾಗ ಅತ್ತೆ ಯಂತ್ರದ ವೈರನ್ನು ಅಚ್ಚುಕಟ್ಟಾಗಿ ಸುತ್ತಿಡುತ್ತಿದ್ದರು.

"ನೆಗಡಿ ಆಗ್ಬೇಕಾ ನಿನಗೆ? ತಲೆ ಒರೆಸ್ಕೊ ಮೊದಲು."

"ಬನ್ನಿ ಅತ್ತೆ ಇಲ್ಲಿ." ಸೊಸೆ ಕತ್ತಲೆ ಕೋಣೆಗೆ ನುಗ್ಗಿ, ಮರದ ಪೆಟ್ಟಿಗೆಯ ಕಪ್ಪು ಬಟ್ಟೆ ಎತ್ತಿ ಟಾರ್ಚ್ ಬಿಟ್ಟಳು. "ಒಳಗೆ ನೋಡಿ. ಕ್ಯಾಮೆರಾ ಪಕ್ಕದಲ್ಲಿದೆ. ದೀಪ ಕೆಳಗಿದೆ. ಪಕ್ಕದಲ್ಲಿ ಕೂತ್ಕೊಂಡು ಅದು ಕೆಳಗಿರೋದನ್ನ ಹೇಗೆ ನೋಡ್ತಿತ್ತು?"

ಅತ್ತೆ ಬಗ್ಗಿ ನೋಡಿದರು. ಪೆಟ್ಟಿಗೆಯ ಮಾಡಿನಿಂದ ಓರೆಯಾಗಿ ಇಳಿಬಿಟ್ಟ, ಧೂಳು ಹಿಡಿದ ಒಂದು ಕನ್ನಡಿ. ಅದರೊಳಗಿಂದ ಅವರದೇ ಮುಖ ಅವರನ್ನು ದಿಟ್ಟಿಸಿತು.

"ಅಯ್ಯೋ," ಎಂದರು. "ಹೌದಲ್ಲ! ಆಗ ಈ ಕೋಣೆಗೆ ಅಟ್ಟ ಇತ್ತು ಕಣೇ. ಕ್ಯಾಮೆರಾ ಮೇಲೆ ನಿಲ್ಲಿಸೋಕೆ ಎತ್ತರ ಸಾಲ್ತಿರಲಿಲ್ಲ. ಬಡಗಿ ಕನ್ನಡಿ ಹಾಕಿ ಕೊಟ್ಟ. ಎಡ ಬಲ ಉಲ್ಟಾ ಬರುತ್ತಲ್ಲಪ್ಪಾ ಅಂದ್ರೆ..."

"ಅಂದ್ರೆ?"

"ಮಗುಚಿ ಇಡಿ ಅಮ್ಮ, ಸರಿಹೋಗುತ್ತೆ ಅಂದ."

ಕನ್ನಡಿ ಒಮ್ಮೆ ತಿರುಗಿಸುತ್ತಿತ್ತು, ಕೈ ಒಮ್ಮೆ ತಿರುಗಿಸುತ್ತಿತ್ತು. ಎರಡು ಸಲ ತಿರುಗಿದ್ದು ನೆಟ್ಟಗಾಗುತ್ತಿತ್ತು. ಹೊಸ ಯಂತ್ರದಲ್ಲಿ ಕನ್ನಡಿ ಇಲ್ಲ. ಕೈ ಮಾತ್ರ ತನ್ನ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಲೇ ಬಂದಿತ್ತು.

ಸೊಸೆ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಮಗುಚಿದರೆ ಎರಡನೆಯ ಸಾಲು ಹದಿನಾಲ್ಕಕ್ಕೆ ಹೋಗುತ್ತದೆ, ಮೂರು ಹದಿಮೂರಕ್ಕೆ, ಐದು ಹನ್ನೊಂದಕ್ಕೆ. ಜೋಡಿಯ ಮೊತ್ತ ಯಾವಾಗಲೂ ಹದಿನಾರು. ಒಂದೂ ಹದಿನೈದೂ ಜಾಗ ಬದಲಿಸಿಕೊಂಡವು; ಆದರೆ ಕಾವಲುಗಾರರಿಬ್ಬರೂ ಒಂದೇ ವೇಷದವರು, ಬದಲಿಸಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಎಂಟಕ್ಕೆ ಜೋಡಿ ಎಂಟೇ. ಮಹಾರಾಣಿ ಕೂತಲ್ಲಿಂದ ಅಲುಗಲಿಲ್ಲ, ಆದ್ದರಿಂದ ರಾಜ್ಯ ತಲೆಕೆಳಗಾದದ್ದು ಅವಳಿಗೂ ಗೊತ್ತಾಗಲಿಲ್ಲ. ಮೂರು ಸಾಕ್ಷಿಗಳೂ ನಿಜವನ್ನೇ ಹೇಳಿದ್ದವು. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಅವುಗಳಿಗೆ ಕೇಳಿರಲಿಲ್ಲ. ಮಧ್ಯಾಹ್ನದ ಜೆಲ್‌ನಲ್ಲಿ ಹನ್ನೆರಡು ಕಡೆಯೂ ಒಂದೇ ಹಕ್ಕಿ ಇದ್ದುದರಿಂದ ಮಗುಚಿದರೂ ಅದೇ, ಮಗುಚದಿದ್ದರೂ ಅದೇ.

"ಹಾಗಾದ್ರೆ ಗಡಿಯಾರದವರ ಹಕ್ಕಿ..."

"ಹನ್ನೊಂದನೇದು. ಎರಡು ಪಟ್ಟೆ. ಹೆಣ್ಣು."

"ಹನ್ನೊಂದನೇದು ಅಂತ ನಾವು ಹೆಣ್ಣು ಅಂದಿದ್ದು ಯಾರದ್ದು?"

"ದರ್ಜಿಯವರದ್ದು. ಅದು ಗಂಡು."

ಅತ್ತೆ ಸ್ಟೂಲಿನ ಮೇಲೆ ಕೂತರು. "ತಪ್ಪು ಯಂತ್ರದ್ದಲ್ಲ ಅಂತೀಯ. ನನ್ನ ಕೈಯದ್ದು."

"ನಮ್ಮ ಕೈಯದ್ದು. ಕೆಳಗಿನ ಎರಡು ಖಾನೆ ನಾನೇ ಇಡೋದು. ಮೂಲೆ ಕತ್ತರಿಸಿ ಅಂತ ಕೈಪಿಡಿಲಿ ಓದಿದವಳೂ ನಾನೇ."

"ಕತ್ತರಿಸಬೇಡ ಅಂದವಳು ನಾನು."

"ಅಂದಿದ್ರಿ."

"ಒಪ್ಪಿಕೊಳ್ಳೋದಕ್ಕೆ ಇಷ್ಟು ಅವಸರ ಬೇಡ."

ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟಂತೆ ಪರಿಹಾರದ ಮಾತು ಬಂತು. ಮಹಾರಾಣಿಯನ್ನು ಎರಡನೆಯ ಸಾಲಿಗೆ ಕಳಿಸೋಣ ಎಂದರು ಅತ್ತೆ, ಮೂಲೆ ಕತ್ತರಿಸುವುದು ಅವರಿಗೆ ಇನ್ನೂ ಒಪ್ಪಿಗೆಯಿರಲಿಲ್ಲ. ಸೊಸೆ ಯೋಚಿಸಿ ಬೇಡವೆಂದಳು: ಹದಿನಾಲ್ಕನೆಯದೂ ಹೆಣ್ಣೇ ಆಗಿದ್ದ ದಿನ, ಅದು ಮಹಾರಾಣಿಯ ಜಾಗಕ್ಕೆ ಬಂದು ಕೂತರೂ ಯಂತ್ರ ಗುರುತಿಸಲಾರದು. ಕಾವಲುಗಾರರಲ್ಲಿ ಒಬ್ಬನನ್ನು ತೆಗೆಯಬೇಕು. ಲ್ಯಾಡರ್ ಮೊದಲ ಸಾಲಿನಲ್ಲಿ ಮಾತ್ರ. ಅದು ಬಲಕ್ಕೆ ಕಂಡರೆ ಜೆಲ್ ಮಗುಚಿದೆ ಎಂದೇ ಅರ್ಥ.

"ಕೊನೇ ಸಾಲು ಖಾಲಿ ಬಿಡೋದಾ?"

"ಗಂಡು ಅಂತ ಖಾತ್ರಿ ಇರೋ ಹಕ್ಕಿ ಒಂದನ್ನ ಅಲ್ಲಿಡೋಣ ಅತ್ತೆ. ದರ್ಜಿಯವರದ್ದೇ ಆಗಬಹುದು, ಇನ್ನೊಂದು ಸಲ ನೋಡಿಕೊಂಡು."

ಅತ್ತೆಯ ಮುಖ ಅರಳಿತು. "ರಾಣಿ ನಡುವೆ ಕೂತಿರ್ತಾಳೆ, ರಾಜ ಬಾಗಿಲು ಕಾಯ್ತಾನೆ. ಹಾಗಾದ್ರೆ ಸರಿ. ಮಗುಚಿದ್ರೆ ಯಂತ್ರ ಏನು ಮಾಡುತ್ತೆ? ಕಿರುಚುತ್ತಾ?"

"ಕಿರುಚಲ್ಲ. ಚಿತ್ರಾನ ತಾನೇ ತಿರುಗಿಸಿ ಸರಿ ಮಾಡ್ಕೊಳ್ಳುತ್ತೆ. ಕೆಳಗೆ ಒಂದು ಸಾಲು ಬರೆಯುತ್ತೆ, ಅಷ್ಟೇ."

"ಏನಂತ?"

"ಮಗುಚಿತ್ತು, ಸರಿಪಡಿಸಿದೆ ಅಂತ."

"ಹೂಂ," ಎಂದರು ಅತ್ತೆ. ಸುತ್ತಿಟ್ಟ ವೈರನ್ನು ಬಿಚ್ಚಿ, ಪ್ಲಗ್ಗನ್ನು ತಾವೇ ಗೋಡೆಗೆ ಸಿಕ್ಕಿಸಿದರು. "ಮರ್ಯಾದೆ ಗೊತ್ತಿದೆ ಇದಕ್ಕೆ."

ಭಾನುವಾರವೆಲ್ಲ ಇಬ್ಬರೂ ಕೂತು ಹಳೆಯ ಚಿತ್ರಗಳನ್ನು ತಿರುಗಿಸಿ ಓದಿದರು. ಹೊಸದಾಗಿ ಒಂದು ಪುಕ್ಕವೂ ಬೇಕಾಗಲಿಲ್ಲ. ಜೋಡಿಯಲ್ಲಿ ಎರಡೂ ಹೆಣ್ಣು ಅಥವಾ ಎರಡೂ ಗಂಡಾಗಿದ್ದ ಕಡೆ ತಪ್ಪು ತಾನಾಗಿ ಸರಿಯಾಗಿತ್ತು. ಉಳಿದವರಿಗೆ ಫೋನು ಮಾಡಿ ಕ್ಷಮೆ ಕೇಳಬೇಕಾಯಿತು. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ ದರ್ಜಿಗೆ ವಿಷಯ ತಿಳಿಸಿದರು.

"ಗಂಡಾ?" ಎಂದ ದರ್ಜಿ. "ಅಮ್ಮಾ, ನೀವು ಹೆಣ್ಣು ಅಂದ್ರಿ ಅಂತ ಅದಕ್ಕೆ ಒಂದು ಗಂಡು ಹುಡುಕಿ ತಂದಿದ್ದೀನಿ. ಹಗಲೂ ರಾತ್ರಿ ಎರಡೂ ಕಚ್ಚಾಡ್ತಿವೆ. ನಾನು, ಹೊಸದರಲ್ಲಿ ಹೊಂದಾಣಿಕೆ ಕಷ್ಟ, ಹೋಗ್ತಾ ಹೋಗ್ತಾ ಸರಿಹೋಗುತ್ತೆ ಅಂತ ಸಮಾಧಾನ ಹೇಳ್ತಾ ಇದ್ದೀನಿ!"

"ಯಾರಿಗೆ?"

"ಗಿಳಿಗಳಿಗೆ. ನನ್ನ ಹೆಂಡತಿಗೂ."

ಗಡಿಯಾರದವರಿಗೆ ಹೆಣ್ಣು ಎಂದು ತಿಳಿಸಿದಾಗ ಅವರು ತಮಗೆ ಅದು ಗೊತ್ತೆಂದರು. ದರ್ಜಿಯ ಮನೆಯಲ್ಲಿ ಒಂದು ಗಂಡು ಹೆಚ್ಚಾಗಿದೆಯೆಂದು ತಿಳಿಸಿದಾಗ ವಿಳಾಸ ಕೇಳಿದರು.

ಸೋಮವಾರ ಕಂಪನಿಯ ಮನುಷ್ಯ ಬಂದ. ಯಂತ್ರದಲ್ಲಿ ಏನಾದರೂ ದೋಷ ಕಂಡಿತೇ ಎಂದು ಕೇಳಿದ.

"ಇದೆ," ಎಂದರು ಅತ್ತೆ. "ಕೊಟ್ಟಿದ್ದನ್ನ ಕೊಟ್ಟ ಹಾಗೇ ನಂಬುತ್ತೆ. ಈಗ ಬುದ್ಧಿ ಕಲಿಸಿದ್ದೀವಿ." ಸಹಿ ಹಾಕಿದರು.

ಮುಂದಿನ ಶನಿವಾರ ನಾಲ್ಕು ಗಂಟೆಗೆ ಖಾನೆಗಳ ಬಾಗಿಲು ಹಾಕಿ ಸೊಸೆ ಚೀಲ ತೆಗೆದುಕೊಂಡಾಗ ಅತ್ತೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ನೀವೆಲ್ಲಿಗೆ?"

"ಕೂತ್ಕೊಂಡು ನೋಡೋಕೆ ಬಿಡ್ತಾರೋ ಇಲ್ವೋ ಅಲ್ಲಿ?"

ಬಿಟ್ಟರು. ಅತ್ತೆ ಕೊಳದ ಅಂಚಿನ ಬೆಂಚಿನಲ್ಲಿ, ಕಾಲು ನೀರಿಗೆ ತಾಗದಂತೆ ಮೇಲೆತ್ತಿಕೊಂಡು, ಸೊಸೆಯ ಫೋನು ಹಿಡಿದು ಕೂತರು. ಯಂತ್ರ ಚಿತ್ರಗಳನ್ನು ಒಂದೊಂದಾಗಿ ಅದಕ್ಕೆ ಕಳಿಸುತ್ತಿತ್ತು. ಸೊಸೆ ಎರಡನೆಯ ಸಾಲಿನಲ್ಲಿ ನೀರಿಗಿಳಿದಳು. ಕೋಚ್ ಏನೂ ಸೂಚನೆ ಕೊಡಲಿಲ್ಲ. "ಆಂಟಿ, ಗಿಳಿ ವಿಷಯ ಆಮೇಲೆ," ಎಂದಷ್ಟೇ ಹೇಳಿದ.

ಮೊದಲ ಖಾನೆಯ ಚಿತ್ರ ಬಂತು. ಲ್ಯಾಡರ್ ಎಡಕ್ಕೆ, ನಡುವೆ ರಾಣಿ, ಬಾಗಿಲಲ್ಲಿ ರಾಜ. ಅತ್ತೆ ಉಸಿರು ಬಿಟ್ಟರು. ವಾರವೆಲ್ಲ ಅವರು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಜೆಲ್ ಇಟ್ಟಿದ್ದರು. ಎರಡನೆಯದು ಬಂತು, ಅದೂ ಹಾಗೆಯೇ. ಆ ಹೊತ್ತಿಗೆ ಸೀಟಿ ಕೇಳಿಸಿತು. ಸೊಸೆ ಅಂಗಾತ ಹೊರಳಿ, ಎರಡು ಹಗ್ಗಗಳ ನಡುವೆ, ಸೂಜಿಗೆ ಪೋಣಿಸಿದ ದಾರದಂತೆ ನೆಟ್ಟಗೆ ಆಳದ ಕಡೆ ಹೊರಟಳು. ಮೂರನೆಯ ಚಿತ್ರ ಬಂತು. ಅತ್ತೆ ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. ನಾಲ್ಕನೆಯದನ್ನೂ ಓದಿದರು. ಆಮೇಲೆ ಎದ್ದು ನಿಂತು, ಇಡೀ ಕೊಳಕ್ಕೆ ಕೇಳುವಂತೆ ಕೂಗಿದರು.

"ಏ ಹುಡುಗಿ! ಕೆಳಗಿನ ಖಾನೆ ಎರಡೂ ಮಗುಚಿತ್ತಂತೆ ಕಣೇ! ಎರಡೂ ನಿನ್ನದೇ!"

ಸೊಸೆಗೆ ಕೇಳಲಿಲ್ಲ. ಅವಳ ಕಿವಿಗಳು ನೀರಿನಲ್ಲಿದ್ದವು. ತಳ ಎಲ್ಲಿಯೋ ಕೆಳಗಿತ್ತು, ಅವಳು ಮೇಲಿದ್ದಳು. ಅತ್ತೆ ಕೈಬೀಸುತ್ತಾ ಏನೋ ಹೇಳುತ್ತಿರುವುದು ಕಂಡು, ಅದು ಹುರಿದುಂಬಿಸುವ ಮಾತೇ ಇರಬೇಕೆಂದು ತಿಳಿದು, ಅವಳು ನಕ್ಕಳು, ಮತ್ತು ತಲೆ ತುದಿಯ ಗೋಡೆಗೆ ಮೆಲ್ಲಗೆ ತಾಗುವವರೆಗೂ ಕೈ ಬೀಸುವುದನ್ನು ನಿಲ್ಲಿಸಲಿಲ್ಲ.